ಮಗುವಿನ ಪೌರತ್ವಕ್ಕೆ ಮಾಂಗಲ್ಯ ಸಾಕ್ಷಿಯಲ್ಲ

“ಮೊದಲು ಮದುವೆ ಸರ್ಟಿಫಿಕೇಟ್ ತನ್ನಿ, ಆಮೇಲೆ ಮಗುವಿನ ಮಾತು.”

ಹೀಗೆ ಹೇಳುವವರು ಒಬ್ಬಿಬ್ಬರಲ್ಲ. ಕೊಯಮತ್ತೂರಿನ ಟ್ರಾವೆಲ್ಸ್ ಅಂಗಡಿಯವರು ಹೇಳುತ್ತಾರೆ, ತಿರುಪ್ಪೂರಿನಲ್ಲಿ ಅರ್ಜಿ ತುಂಬಿಕೊಡುವವರು ಹೇಳುತ್ತಾರೆ, ಕಡಲಾಚೆಯ ರಾಯಭಾರ ಕಚೇರಿಗಳ ಕಿಟಕಿಯ ಹಿಂದೆ ಕೂತವರು ಹೇಳುತ್ತಾರೆ. ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರು ಮನೆಯ ಹಿರಿಯರು. ಸಿಂಗಾಪುರಕ್ಕೋ ಶಾರ್ಜಾಕ್ಕೋ ಮಲೇಷ್ಯಾಕ್ಕೋ ದುಡಿಯಲು ಹೋದ ಮಗಳಿಗೆ ಮದುವೆಯಾಗದೆ ಮಗು ಹುಟ್ಟಿದೆ ಎಂಬ ಸುದ್ದಿ ಬಂದರೆ ಸಾಕು, ಬಾಣಂತಿ ಹೇಗಿದ್ದಾಳೆ, ಕೂಸು ಹಾಲು ಕುಡಿಯುತ್ತಿದೆಯೇ ಎಂದು ಕೇಳುವ ಮೊದಲೇ ಈ ಮಾತು ಹೊರಡುತ್ತದೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ದೇಶವಿಲ್ಲ, ಪಾಸ್‌ಪೋರ್ಟ್ ಇಲ್ಲ, ಊರಿಗೆ ಕರೆತರುವ ದಾರಿಯೂ ಇಲ್ಲ ಎಂಬುದು ಕೊಂಗುನಾಡಿನಲ್ಲಿ ಜಾತಿ, ಭಾಷೆಗಳ ಭೇದವಿಲ್ಲದೆ ಜನ ನಂಬಿಕೊಂಡಿರುವ ಸಂಗತಿ.

ಈ ನಂಬಿಕೆ ಸುಳ್ಳು. ಈ ದೇಶದ ಪೌರತ್ವ ಕಾಯ್ದೆಯಲ್ಲಿ ಇಲ್ಲದ ಒಂದು ಷರತ್ತನ್ನು ನಾವೆಲ್ಲ ಸೇರಿ ಹುಟ್ಟಿಸಿದ್ದೇವೆ, ಅದರ ದಂಡವನ್ನು ಇನ್ನೂ ಕತ್ತು ನಿಲ್ಲದ ಕೂಸುಗಳಿಂದ ವಸೂಲು ಮಾಡುತ್ತಿದ್ದೇವೆ. ಅದನ್ನು ಖಂಡಿಸಲೆಂದೇ ಈ ಬರಹ.

ನಮ್ಮಲ್ಲಿ ಖಂಡನಕ್ಕೆ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸುವ ಪದ್ಧತಿ ಇದೆ. ಹಾಗೆಯೇ ಮಾಡೋಣ. ಮದುವೆ ಪತ್ರ ಬೇಕೇ ಬೇಕು ಎನ್ನುವವರ ವಾದಗಳು ನಾಲ್ಕು. ಒಂದು, ಮದುವೆಯಿಲ್ಲದಿದ್ದರೆ ಮಗು ಯಾರದ್ದೆಂದು ತಿಳಿಯುವುದು ಹೇಗೆ, ಕದ್ದ ಮಗುವನ್ನೂ ತಮ್ಮದೆಂದು ತರಬಹುದಲ್ಲ? ಎರಡು, ತಂದೆಯ ಹೆಸರಿಲ್ಲದ ಕಾಗದ ಹಿಡಿದು ಮಗು ನಾಳೆ ಶಾಲೆಯಲ್ಲಿ, ಸಮಾಜದಲ್ಲಿ ತಲೆ ತಗ್ಗಿಸಬೇಕಲ್ಲ? ಮೂರು, ಹೇಗೂ ಕೂಡಿ ಬಾಳುತ್ತಿದ್ದಾರೆ, ಒಂದು ತಾಳಿ ಕಟ್ಟಿಸಿ ಹಳೆಯ ತಾರೀಕು ಹಾಕಿಸಿಬಿಟ್ಟರೆ ಎಲ್ಲ ಸರಿಹೋಗುವುದಿಲ್ಲವೇ? ನಾಲ್ಕು, ಇಂಥ ಮಕ್ಕಳಿಗೆ ಸಲೀಸಾಗಿ ಪೌರತ್ವ ಕೊಟ್ಟರೆ ಮದುವೆ ಎಂಬ ಸಂಸ್ಥೆಗೆ ಏನು ಬೆಲೆ ಉಳಿಯುತ್ತದೆ? ಈ ನಾಲ್ಕನ್ನೂ ಒಳ್ಳೆಯ ಮನಸ್ಸಿನವರೇ ಕೇಳುತ್ತಾರೆ ಎಂದು ಒಪ್ಪಿಕೊಂಡೇ ಉತ್ತರ ಕೊಡುತ್ತೇನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಮೂಲಕ ಪೌರತ್ವ ಕೊಡುವುದು 1955ರ ಪೌರತ್ವ ಕಾಯ್ದೆಯ 4ನೇ ಕಲಮು. ಮೊದಲ ಸುಮಾರು ನಾಲ್ಕು ದಶಕ ಈ ಕಲಮು ತಂದೆಯೊಬ್ಬನನ್ನೇ ನೋಡುತ್ತಿತ್ತು. ತಾಯಿ ಭಾರತೀಯಳಾಗಿದ್ದು ತಂದೆ ಪರದೇಶದವನಾದರೆ ಮಗುವಿಗೆ ಈ ದಾರಿಯಲ್ಲಿ ಪೌರತ್ವ ದಕ್ಕುತ್ತಿರಲಿಲ್ಲ. 1992ರಲ್ಲಿ ಸಂಸತ್ತು ಆ ಅನ್ಯಾಯವನ್ನು ತಿದ್ದಿತು. 1992ರ ಡಿಸೆಂಬರ್ 10ರಿಂದ ಈಚೆಗೆ ಹುಟ್ಟಿದ ಮಗುವಿನ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಹುಟ್ಟಿನ ಹೊತ್ತಿಗೆ ಭಾರತದ ಪ್ರಜೆಯಾಗಿದ್ದರೆ ಸಾಕು ಎಂದಾಯಿತು. ಅದರ ಮರುದಿನವೇ, ಡಿಸೆಂಬರ್ 11ರಂದು, ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಹುಟ್ಟಿದ ಕೂಡಲೇ ಮಗುವನ್ನು ನೋಂದಾಯಿಸಬೇಕು, ಅದಕ್ಕೆ ಹೆಸರಿನ ಹಕ್ಕು, ರಾಷ್ಟ್ರೀಯತೆಯ ಹಕ್ಕು ಇದೆ ಎಂದು ಆ ಒಡಂಬಡಿಕೆಯ 7ನೇ ವಿಧಿ ಹೇಳುತ್ತದೆ. ತಂದೆತಾಯಿಯ ಸ್ಥಿತಿಗತಿ ನೋಡಿ ಮಗುವಿಗೆ ಭೇದ ಮಾಡಬಾರದು ಎಂದು 2ನೇ ವಿಧಿ ಹೇಳುತ್ತದೆ.

2004ರ ಡಿಸೆಂಬರ್ 3ರಿಂದ ಇನ್ನೊಂದು ಷರತ್ತು ಸೇರಿತು. ಮಗು ಹುಟ್ಟಿದ ಒಂದು ವರ್ಷದೊಳಗೆ ಆ ದೇಶದ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಷರತ್ತು ಇಷ್ಟೇ. ಈ ಕಲಮನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿ. ‘ಮದುವೆ’ ಎಂಬ ಪದ ಅಲ್ಲಿಲ್ಲ. ‘ಗಂಡ’, ‘ಹೆಂಡತಿ’ ಎಂಬ ಪದಗಳಿಲ್ಲ. ಇರುವುದು ತಂದೆತಾಯಿ ಮಾತ್ರ. ಘೋಷಣೆಯ ಮಾತಿನಲ್ಲಿ ತಂದೆತಾಯಿ ಎಂಬುದು ಬಹುವಚನದಲ್ಲಿದೆಯಲ್ಲ, ಇಬ್ಬರೂ ಬರಬೇಕಲ್ಲ ಎಂದು ವಾದ ಹೂಡುವವರಿದ್ದಾರೆ. ಕಾನೂನಿನ ಭಾಷೆಯಲ್ಲಿ ಏಕವಚನ ಬಹುವಚನವನ್ನೂ, ಬಹುವಚನ ಏಕವಚನವನ್ನೂ ಒಳಗೊಳ್ಳುತ್ತದೆಂದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 13ನೇ ಕಲಮು ನೂರು ವರ್ಷಕ್ಕೂ ಹಿಂದೆ ತೀರ್ಮಾನಿಸಿದೆ. ಒಬ್ಬಳೇ ತಾಯಿ ಬಂದು ಬರೆದುಕೊಟ್ಟರೆ ಅದನ್ನು ಸ್ವೀಕರಿಸಲು ಕಾನೂನು ಅಡ್ಡ ಬರುವುದಿಲ್ಲ.

ಹಾಗಾದರೆ ಮದುವೆ ಪತ್ರ ಎಲ್ಲಿಂದ ಬಂತು? ಅದು ಬಂದದ್ದು ಕಚೇರಿಗಳ ದಾಖಲೆಪಟ್ಟಿಗಳಿಂದ. ಬಹುಪಾಲು ಅರ್ಜಿದಾರರು ಮದುವೆಯಾದವರು, ಅವರ ಕೈಯಲ್ಲಿ ಆ ಪತ್ರ ಹೇಗೂ ಇರುತ್ತದೆ, ಆದ್ದರಿಂದ ಅದನ್ನು ಪಟ್ಟಿಗೆ ಸೇರಿಸಿದರು. ವರ್ಷಗಳು ಕಳೆದಂತೆ ಅನುಕೂಲಕ್ಕೆ ಬರೆದ ಪಟ್ಟಿಯೇ ಕಾನೂನಾಗಿ ಕೂತಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಗೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗದು. ಸಂಸತ್ತು ಕೊಟ್ಟದ್ದನ್ನು ಪಟ್ಟಿ ಕಿತ್ತುಕೊಳ್ಳುತ್ತಿದೆ.

ಕಿತ್ತುಕೊಳ್ಳುವುದು ಒಂದು ಕಾಗದವನ್ನಷ್ಟೇ ಅಲ್ಲ, ಕಾಲವನ್ನು. ಕಾನೂನು ಕೊಟ್ಟಿರುವುದು ಒಂದೇ ವರ್ಷ. ‘ಮದುವೆ ಪತ್ರ ತನ್ನಿ’ ಎಂದು ಹಿಂದಕ್ಕೆ ಕಳಿಸಿದ ದಿನದಿಂದ ಆ ವರ್ಷ ಕರಗತೊಡಗುತ್ತದೆ. ಊರಿಗೆ ಫೋನು, ಹಿರಿಯರ ಪಂಚಾಯ್ತಿ, ಏಜೆಂಟರಿಗೆ ದುಡ್ಡು, ಅಳು, ಜಗಳ. ಇದೆಲ್ಲ ಮುಗಿಯುವ ಹೊತ್ತಿಗೆ ಮಗುವಿಗೆ ಹಲ್ಲು ಬಂದಿರುತ್ತದೆ, ಹೆಜ್ಜೆ ಇಡಲು ಕಲಿತಿರುತ್ತದೆ, ಆದರೆ ಅವಧಿ ಮುಗಿದಿರುತ್ತದೆ. ಆಮೇಲೆ ದೆಹಲಿಯ ಅನುಮತಿಗೆ ಕಾಯಬೇಕು.

ಹುಟ್ಟಿದ ದೇಶವೇ ಕೈಹಿಡಿಯಬಹುದಲ್ಲ ಎನ್ನುತ್ತೀರಾ? ಅಮೆರಿಕದಲ್ಲಿ ಹುಟ್ಟಿದ ಮಗುವಿನ ಸಂಗತಿ ಬೇರೆ. ಆದರೆ ಕೊಯಮತ್ತೂರು ವಿಮಾನನಿಲ್ದಾಣದಿಂದ ನೇರ ವಿಮಾನ ಹಾರುವುದು ಸಿಂಗಾಪುರಕ್ಕೆ, ಶಾರ್ಜಾಕ್ಕೆ. ನಮ್ಮ ಜನ ದುಡಿಯುವುದು ಹೆಚ್ಚಾಗಿ ಆ ಕಡೆ. ಕೊಲ್ಲಿ ದೇಶಗಳು ಅಲ್ಲಿ ಹುಟ್ಟಿದ ಮಾತ್ರಕ್ಕೆ ವಿದೇಶಿಯರ ಮಗುವಿಗೆ ಪೌರತ್ವ ಕೊಡುವುದಿಲ್ಲ. ಸಿಂಗಾಪುರ, ಮಲೇಷ್ಯಾಗಳ ಸಂವಿಧಾನಗಳು ಮದುವೆಯಾಚೆ ಹುಟ್ಟಿದ ಮಗುವಿನ ವಿಷಯದಲ್ಲಿ ತಂದೆಯ ಬದಲು ತಾಯಿಯನ್ನು ನೋಡುತ್ತವೆ. ಅಂದರೆ ತಂದೆ ಮಲೇಷ್ಯಾದ ಪ್ರಜೆ, ತಾಯಿ ನಮ್ಮ ಪೊಳ್ಳಾಚಿಯವಳು, ಮದುವೆಯಾಗಿಲ್ಲ ಎಂದಿಟ್ಟುಕೊಳ್ಳಿ. ಮಲೇಷ್ಯಾ ಆ ಮಗುವನ್ನು ‘ತಾಯಿಯ ದೇಶಕ್ಕೆ ಸೇರಿದ್ದು’ ಎನ್ನುತ್ತದೆ. ತಾಯಿಯ ದೇಶದ ಕಿಟಕಿಯಲ್ಲಿ ಕೂತವರು ‘ಮದುವೆ ಪತ್ರ ಎಲ್ಲಿ’ ಎನ್ನುತ್ತಾರೆ. ಎರಡು ದೇಶಗಳ ನಡುವೆ ಒಂದು ಕೂಸು ಯಾವ ದೇಶಕ್ಕೂ ಸೇರದೆ ಮಲಗಿರುತ್ತದೆ. ದೇಶವಿಲ್ಲದ ಮನುಷ್ಯ ಯುದ್ಧದಲ್ಲಿ, ಗಡಿಯಲ್ಲಿ ಮಾತ್ರ ಹುಟ್ಟುವುದಿಲ್ಲ. ಕಚೇರಿಯ ಕಿಟಕಿಯ ಮುಂದೆಯೂ ಹುಟ್ಟುತ್ತಾನೆ.

‘ಮದುವೆಯಾಗಿ ಬಂದರೆ ಮುಗಿಯಿತಲ್ಲ’ ಎನ್ನುವುದು ಬಾಯಿಗೆ ಸುಲಭ. ಸಿಂಗಾಪುರದಲ್ಲಿ ವರ್ಕ್ ಪರ್ಮಿಟ್ ಮೇಲೆ ದುಡಿಯುವವರು ಅಲ್ಲಿನ ಪ್ರಜೆಯನ್ನು ಮದುವೆಯಾಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ಇಬ್ಬರಲ್ಲೊಬ್ಬರ ಹಳೆಯ ಮದುವೆಯ ವಿಚ್ಛೇದನ ಇನ್ನೂ ಕೋರ್ಟಿನಲ್ಲಿರಬಹುದು. ಧರ್ಮ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನಗಳ ನೋಟಿಸು. ಗಂಡಸು ಕೈಕೊಟ್ಟು ಹೋಗಿರಬಹುದು. ಅವನು ಬಲಾತ್ಕಾರ ಮಾಡಿದವನೇ ಆಗಿರಬಹುದು. ಅಂಥವನಿಗೆ ಕೊರಳೊಡ್ಡಿ ಬಂದರೆ ಮಾತ್ರ ಮಗುವಿಗೆ ದೇಶ ಕೊಡುತ್ತೇವೆ ಎನ್ನುವ ಷರತ್ತನ್ನು ಯಾವ ತಾಯಿಯ ಮುಂದಾದರೂ ನಿಂತು ಹೇಳಲು ನಮಗೆ ಬಾಯಿ ಬರುತ್ತದೆಯೇ?

ಈಗ ಮೊದಲ ವಾದಕ್ಕೆ ಬರೋಣ: ಮದುವೆಯಿಲ್ಲದಿದ್ದರೆ ಮಗು ಯಾರದ್ದೆಂದು ತಿಳಿಯುವುದು ಹೇಗೆ? ಪ್ರಶ್ನೆ ಸರಿಯಾದದ್ದೇ, ಉತ್ತರವೆಂದು ಮದುವೆ ಪತ್ರವನ್ನು ಹಿಡಿದುಕೊಂಡಿರುವುದು ತಪ್ಪು. ಮದುವೆ ಪತ್ರ ಹೇಳುವುದು ಇಬ್ಬರು ಮದುವೆಯಾದರು ಎಂದು ಮಾತ್ರ. ಮದುವೆಯೊಳಗೆ ಹುಟ್ಟಿದ ಮಗು ಆ ಗಂಡನದ್ದೇ ಎಂದು ಭಾವಿಸಿಕೊಳ್ಳುವ ನಿಯಮ 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಮಿನಲ್ಲಿತ್ತು. ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 116ನೇ ಕಲಮು. ಅದು ಮಗುವಿನ ಮರ್ಯಾದೆ ಕಾಯಲು ಕಾನೂನು ಮಾಡಿಕೊಂಡ ಒಂದು ಊಹೆ. ಮಗುವನ್ನು ಕಾಯಲು ಹುಟ್ಟಿದ ಊಹೆಯನ್ನು ಮಗುವನ್ನು ಹೊರಗಟ್ಟಲು ಬಳಸುವುದು ಕಾನೂನಿಗೆ ಮಾಡುವ ಅಪಚಾರ.

ಮಗು ಯಾರದ್ದೆಂದು ತಿಳಿಯಲು ಬೇರೆ ದಾರಿಗಳು ಬೇಕಾದಷ್ಟಿವೆ. ಹೆರಿಗೆಯಾದ ಆಸ್ಪತ್ರೆಯ ದಾಖಲೆ ಇದೆ. ಆ ದೇಶದ ಜನನ ಪ್ರಮಾಣಪತ್ರ ಇದೆ. ತಂದೆ ತಾನಾಗಿ ಒಪ್ಪಿಕೊಂಡ ಬರಹ ಇದೆ. ಅನುಮಾನ ಗಾಢವಾಗಿದ್ದರೆ ಡಿಎನ್‌ಎ ಪರೀಕ್ಷೆ ಇದೆ. ತಾಯಿಯ ವಿಷಯದಲ್ಲಂತೂ ಹೆರಿಗೆಗಿಂತ ದೊಡ್ಡ ಸಾಕ್ಷಿ ಬೇಕೇ? ಮಕ್ಕಳ ಕಳ್ಳರ ಭಯ ತೋರಿಸುವವರಿಗೆ ಒಂದು ಮಾತು. ಮಗು ಕದಿಯುವವನಿಗೆ ಒಂದು ಮದುವೆ ಪತ್ರ ಸಂಪಾದಿಸುವುದು ಕಷ್ಟದ ಕೆಲಸವಲ್ಲ, ಅವನು ಗಂಡಹೆಂಡಿರ ವೇಷದಲ್ಲೇ ಬರುತ್ತಾನೆ. ಅವನನ್ನು ಹಿಡಿಯುವುದು ಆಸ್ಪತ್ರೆಯ ದಾಖಲೆ. ನಾವು ಪರೀಕ್ಷಿಸಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನು ಪರೀಕ್ಷಿಸುತ್ತಿದ್ದೇವೆ. ಕಳ್ಳ ದಾಟಿಹೋಗುತ್ತಾನೆ, ಹೆತ್ತವಳು ಸಿಕ್ಕಿಬೀಳುತ್ತಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಎರಡನೆಯ ವಾದ ತಂದೆಯ ಹೆಸರಿನದು. ಇದಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬರು ಕೊಯಮತ್ತೂರಿನಲ್ಲಿ ಹುಟ್ಟಿದ ಹೆಣ್ಣುಮಗಳು. ಲೇಖಕಿ ಗೀತಾ ಹರಿಹರನ್ ಮತ್ತು ಅವರ ಪತಿ 1984ರಲ್ಲಿ ಚಿಕ್ಕ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದರು. ತಾಯಿಯೇ ಪೋಷಕಿಯಾಗಿ ಸಹಿ ಮಾಡಿದ್ದರು. ತಂದೆಯ ಸಹಿ ಬೇಕೆಂದು ಅರ್ಜಿ ಹಿಂದಕ್ಕೆ ಬಂತು. ಅವರು ಅಲ್ಲಿಗೇ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯ 6ನೇ ಕಲಮಿನಲ್ಲಿ ಪೋಷಕ ‘ತಂದೆ, ಅವನ ನಂತರ ತಾಯಿ’ ಎಂದಿರುವುದರಲ್ಲಿ ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ತಂದೆ ಮಗುವಿನ ಹೊಣೆ ಹೊರದಿರುವಾಗಲೂ ತಾಯಿಯೇ ಪೋಷಕಿ ಎಂದು ಕೋರ್ಟು 1999ರ ಫೆಬ್ರವರಿ 17ರಂದು ಅರ್ಥ ಬಿಡಿಸಿತು. ಗಂಡ ಪಕ್ಕದಲ್ಲೇ ಇದ್ದ ತಾಯಿಯೂ ಒಂದು ಸಹಿಗಾಗಿ 14 ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು ಎಂಬುದನ್ನು ಕೊಯಮತ್ತೂರು ಮರೆಯಬಾರದು.

ಅದೇ ಕಲಮಿನಲ್ಲಿ, ಮದುವೆಯಾಚೆ ಹುಟ್ಟಿದ ಮಗುವಿನ ವಿಷಯದಲ್ಲಿ, ಮೊದಲ ಪೋಷಕಿ ತಾಯಿ, ಅವಳ ನಂತರ ತಂದೆ ಎಂದು 1956ರಿಂದಲೇ ಬರೆದಿದೆ. ಅಂದರೆ ಮದುವೆಯಾಗದ ತಾಯಿಯ ಅಧಿಕಾರವನ್ನು ಪ್ರಶ್ನಿಸಲು ಕಾನೂನು ಜಾಗವನ್ನೇ ಬಿಟ್ಟಿಲ್ಲ. 2015ರ ಜುಲೈ 6ರಂದು ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ಮಾತಾಡಿತು. ತನ್ನ ಮಗನನ್ನು ಉಳಿತಾಯಗಳಿಗೆ ನಾಮಿನಿ ಮಾಡಲು ಹೊರಟ ದೆಹಲಿಯ ಅವಿವಾಹಿತ ತಾಯಿಯೊಬ್ಬರ ಪ್ರಕರಣ ಅದು. ಅವರ ಹೆಸರು ಬಹಿರಂಗವಾಗದಿರಲೆಂದು ದಾಖಲೆಯಲ್ಲಿ ಎಬಿಸಿ ಎಂದಷ್ಟೇ ಇದೆ. ತಂದೆಗೆ ನೋಟಿಸು ಕಳಿಸದೆಯೇ ಅವರು ಪೋಷಕತ್ವ ಪಡೆಯಬಹುದು ಎಂದು ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರಿದ್ದ ಪೀಠ ಹೇಳಿತು. ಅಷ್ಟಕ್ಕೇ ನಿಲ್ಲದೆ, ಒಂಟಿ ತಾಯಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರ ಕೇಳಿದರೆ ಅಧಿಕಾರಿಗಳು ಒಂದು ಅಫಿಡವಿಟ್ ಮಾತ್ರ ಕೇಳಬಹುದು, ಅದನ್ನು ಪಡೆದು ಪತ್ರ ಕೊಡಲೇಬೇಕು ಎಂದು ಆದೇಶಿಸಿತು. ಸುಪ್ರೀಂ ಕೋರ್ಟಿನ ಮಾತು ಇಡೀ ದೇಶಕ್ಕೆ ಕಾನೂನು. ಭಾರತದ ಬಾವುಟ ಹಾರುವ ವಿದೇಶದ ಕಚೇರಿಗಳಿಗೂ ಅದೇ ಕಾನೂನು.

ಪಾಸ್‌ಪೋರ್ಟ್ ವಿಷಯವೂ ಇತ್ಯರ್ಥವಾಗಿದೆ. ತಂದೆಯ ಹೆಸರು ಕಡ್ಡಾಯವಲ್ಲ ಎಂದು ದೆಹಲಿ ಹೈಕೋರ್ಟ್ 2016ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಬದಲಿಸಿ, ತಂದೆ, ತಾಯಿ, ಪೋಷಕರಲ್ಲಿ ಒಬ್ಬರ ಹೆಸರಿದ್ದರೆ ಸಾಕು ಎಂದಿತು. ಮದುವೆಯಾಚೆ ಹುಟ್ಟಿದ ಮಗುವಿಗೆ ಒಂದು ಅನುಬಂಧವನ್ನು ತುಂಬಿಕೊಟ್ಟರೆ ಸಾಕೆಂದಿತು. ಅದಕ್ಕೆ ನೋಟರಿ ಮುದ್ರೆಯೂ ಬೇಡ. ಕೊಯಮತ್ತೂರು, ತಿರುಪ್ಪೂರು, ಈರೋಡು, ನೀಲಗಿರಿ ಜಿಲ್ಲೆಗಳನ್ನು ನೋಡಿಕೊಳ್ಳುವ ಕೊಯಮತ್ತೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೂ ಈ ನಿಯಮವೇ ಅನ್ವಯ. ತಮಿಳುನಾಡಿನಲ್ಲೇ, 2018ರಲ್ಲಿ, ತಿರುಚ್ಚಿಯ ತಾಯಿಯೊಬ್ಬರ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ಜನನ ಪತ್ರ ಕೊಡಿಸಿತು. 2022ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವಿ. ಕುಂಞಿಕೃಷ್ಣನ್ ಇಂಥದೇ ತೀರ್ಪಿನಲ್ಲಿ ಕರ್ಣನನ್ನು ನೆನೆದರು. ಹುಟ್ಟಿನ ಹೆಸರಿನಲ್ಲಿ ಅವಮಾನ ಉಣ್ಣುವ ಇನ್ನೊಬ್ಬ ಕರ್ಣ ನಮ್ಮ ಸಮಾಜಕ್ಕೆ ಬೇಡ ಎಂಬುದು ಅವರ ಮಾತಿನ ಸಾರ. ಪಂಪನಿಂದ ಇಂದಿನವರೆಗೆ ಕರ್ಣನಿಗಾಗಿ ಕಣ್ಣೀರು ಹಾಕಿದ ಕನ್ನಡಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗು ತಲೆ ತಗ್ಗಿಸುತ್ತದೆ ಎನ್ನುತ್ತೀರಿ. ತಲೆ ತಗ್ಗಿಸುವಂತೆ ಮಾಡುವವರು ಯಾರು? ಕಾಗದದ ಮೇಲಿನ ಖಾಲಿ ಜಾಗ ಯಾರನ್ನೂ ಚುಚ್ಚುವುದಿಲ್ಲ. ಅದನ್ನು ಬೆರಳಿಟ್ಟು ತೋರಿಸಿ ‘ಇದೇಕೆ ಹೀಗೆ’ ಎನ್ನುವ ಬಾಯಿ ಚುಚ್ಚುತ್ತದೆ. ಕೊಯಮತ್ತೂರು ಸೀಮೆಯ ಕನ್ನಡ ದೇವಾಂಗರ ಮನೆಗಳನ್ನು ನೆನೆಯಿರಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅರ್ಜಿಯಲ್ಲಿ ಇಂಗ್ಲಿಷು ಎಂದು ತಲೆಮಾರುಗಳಿಂದ ಬಾಳುತ್ತಿರುವ ನೇಕಾರರು. ಇವರ ಕುಲದೇವತೆ ಚೌಡೇಶ್ವರಿ. ಹಬ್ಬದ ದಿನ ಎದೆಗೆ ಅಲಗು ತಾಗಿಸಿಕೊಂಡು ಕರೆಯುವುದು ಆ ತಾಯಿಯನ್ನೇ. ತಾಯಿಯನ್ನೇ ಕುಲದೇವತೆಯೆಂದು ಪೂಜಿಸುವ ಜನರ ನಡುವೆ, ಒಂದು ಮಗು ತಾಯಿಯ ಹೆಸರೊಂದರಿಂದಲೇ ಗುರುತಿಸಿಕೊಳ್ಳುವುದು ಹೇಗೆ ಅವಮಾನವಾದೀತು?

ಇಲ್ಲಿ ತಂದೆಯನ್ನು ಹೊರಗಿಡುವ ಮಾತಿಲ್ಲ. ತಂದೆ ಒಪ್ಪಿ ಮುಂದೆ ಬಂದರೆ ಅವನ ಹೆಸರೂ ದಾಖಲಾಗಲಿ. ಭಾರತೀಯ ತಂದೆ, ಪರದೇಶದ ತಾಯಿ, ಮದುವೆಯಿಲ್ಲ ಎಂದಾಗಲೂ ಕಾಯ್ದೆ ಕೇಳುವುದು ಅವನು ತಂದೆಯೇ ಎಂದು, ಗಂಡನೇ ಎಂದಲ್ಲ. ಬ್ರಿಟನ್ ಕೂಡ ಮದುವೆಯಾಗದ ತಂದೆಯ ಮೂಲಕ ಪೌರತ್ವ ಬಾರದು ಎಂಬ ಹಳೆಯ ಹಟವನ್ನು 2006ರ ಜುಲೈ 1ರಿಂದ ಹುಟ್ಟಿದ ಮಕ್ಕಳ ವಿಷಯದಲ್ಲಿ ಬಿಟ್ಟಿದೆ. ನಮ್ಮ ಕಾಯ್ದೆಯ ಮಾತಿನಲ್ಲಿ ಆ ಹಟವೇ ಇಲ್ಲ. ಇಲ್ಲದ ಹಟವನ್ನು ನಾವು ಪಟ್ಟಿಯಲ್ಲಿ ತುಂಬಿಸಿದ್ದೇವೆ.

ಮೂರನೆಯ ವಾದ, ಹಳೆಯ ತಾರೀಕಿನ ಮದುವೆ. ನಾಲ್ಕರಲ್ಲಿ ಇದು ಅತ್ಯಂತ ಅಪಾಯದ್ದು, ಏಕೆಂದರೆ ಇದು ಉಪಕಾರದ ರೂಪದಲ್ಲಿ ಬರುತ್ತದೆ. ‘ಸ್ವಲ್ಪ ದುಡ್ಡು ಕೊಡಿ, ಎರಡು ವರ್ಷ ಹಿಂದಿನ ತಾರೀಕಿಗೆ ಮದುವೆ ಮಾಡಿಸಿಬಿಡೋಣ’ ಎನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಪೌರತ್ವ ಕಾಯ್ದೆಯ 17ನೇ ಕಲಮಿನ ಪ್ರಕಾರ, ಗೊತ್ತಿದ್ದೂ ಸುಳ್ಳು ಹೇಳಿ ಕೆಲಸ ಮಾಡಿಸಿಕೊಂಡರೆ 5 ವರ್ಷದವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲೂ ಸುಳ್ಳು ಮಾಹಿತಿಗೆ ಶಿಕ್ಷೆ ಇದೆ. ನಿಜ ಹೇಳಿದರೆ ಕಾನೂನು ಕಾಯುವ ತಾಯಿಯನ್ನು ಸುಳ್ಳು ಹೇಳಿಸಿ ಅಪರಾಧಿ ಮಾಡುವ ಸಲಹೆ ಇದು. ಮಗುವಿನ ಜೀವನದ ಮೊದಲ ಕಾಗದವೇ ಸುಳ್ಳಾದರೆ ಆಮೇಲಿನ ಪ್ರತಿಯೊಂದು ಕಾಗದವೂ ಆ ಸುಳ್ಳಿನ ಮೇಲೆ ನಿಲ್ಲುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಜನನ ಪ್ರಮಾಣಪತ್ರಕ್ಕೆ ಹಿಂದೆಂದೂ ಇಲ್ಲದ ತೂಕ ಬಂದಿದೆ. ಶಾಲೆಗೆ, ಮತದಾರರ ಪಟ್ಟಿಗೆ, ಸರ್ಕಾರಿ ಕೆಲಸಕ್ಕೆ ಆ ದಿನದಿಂದ ಹುಟ್ಟಿದವರಿಗೆ ಅದೇ ಆಧಾರ. ಅಂಥ ಆಧಾರದಲ್ಲಿ ಸುಳ್ಳನ್ನು ಹುದುಗಿಸಿಡುವುದು ಮಗುವಿನ ತೊಟ್ಟಿಲ ಕೆಳಗೆ ಕೆಂಡ ಇಟ್ಟಂತೆ.

ಛಾಂದೋಗ್ಯ ಉಪನಿಷತ್ತಿನಲ್ಲಿ ಸತ್ಯಕಾಮನೆಂಬ ಹುಡುಗ ಗೌತಮನ ಬಳಿ ಓದಲು ಬರುತ್ತಾನೆ. ಗುರು ಗೋತ್ರ ಕೇಳುತ್ತಾನೆ. ಹುಡುಗ ತಾಯಿ ಜಬಾಲೆ ಹೇಳಿಕೊಟ್ಟದ್ದನ್ನೇ ಹೇಳುತ್ತಾನೆ: ಹಲವರ ಸೇವೆಯಲ್ಲಿದ್ದ ಕಾಲದಲ್ಲಿ ಹುಟ್ಟಿದ ಮಗ ನೀನು, ಗೋತ್ರ ಯಾವುದೋ ನನಗೆ ತಿಳಿಯದು, ನೀನು ಸತ್ಯಕಾಮ ಜಾಬಾಲ. ಗುರು ಅವನನ್ನು ಹಿಂದಕ್ಕೆ ಕಳಿಸಲಿಲ್ಲ, ಒಂದು ಗೋತ್ರ ಹೊಂದಿಸಿಕೊಂಡು ಬಾ ಎನ್ನಲಿಲ್ಲ. ನಿಜ ಬಿಡದ ಹುಡುಗ ಎಂದು ಒಳಗೆ ಕರೆದುಕೊಂಡ. ತಾಯಿಯ ಹೆಸರನ್ನು ನೋಂದಣಿಗೆ ಸಾಕೆಂದು ಒಪ್ಪಿದ ಆ ಗುರುವಿನ ಪರಂಪರೆಯವರು ನಾವೆಂದು ಹೇಳಿಕೊಳ್ಳುವುದಾದರೆ, ನಿಜ ಹೇಳಿದ ತಾಯಿಯನ್ನು ಸುಳ್ಳು ಹೊಂದಿಸಿಕೊಂಡು ಬಾ ಎಂದು ಅಟ್ಟುವುದು ಯಾವ ಧರ್ಮ?

ನಾಲ್ಕನೆಯ ವಾದ, ಸಂಸ್ಕೃತಿಯದು. ಇದನ್ನು ಬೇರೆ ಎಲ್ಲಾದರೂ ಹೇಳಬಹುದು, ತಮಿಳುನಾಡಿನಲ್ಲಿ ಹೇಳುವ ಮೊದಲು ಇಲ್ಲಿನ ಚರಿತ್ರೆ ನೆನಪಿರಬೇಕು. ಈರೋಡಿನ ಪೆರಿಯಾರ್ ರಾಮಸ್ವಾಮಿ ಆರಂಭಿಸಿದ ಸ್ವಾಭಿಮಾನ ಚಳವಳಿಯಲ್ಲಿ ಪುರೋಹಿತರಿಲ್ಲದೆ, ಸಪ್ತಪದಿಯಿಲ್ಲದೆ, ಹಾರ ಬದಲಿಸಿಕೊಂಡು ಸಾವಿರಾರು ಮದುವೆಗಳು ನಡೆದವು. 1950ರ ದಶಕದಲ್ಲಿ ಮದ್ರಾಸ್ ಹೈಕೋರ್ಟು ಇಂಥ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ ಎಂದಿತು. ಒಂದು ತೀರ್ಪಿನ ಏಟಿಗೆ ಆ ಮನೆಗಳ ಮಕ್ಕಳ ಹುಟ್ಟೇ ಪ್ರಶ್ನೆಗೊಳಗಾಯಿತು. ಅವರ ತಂದೆತಾಯಿ ಕೆಟ್ಟವರಾಗಿದ್ದರೇ? ಇಲ್ಲ. ಕಾಗದ ಅವರ ಬಾಳಿಗಿಂತ ಹಿಂದುಳಿದಿತ್ತು. ಅಣ್ಣಾದುರೈ ಸರ್ಕಾರ 1967ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಮನ್ನು ಸೇರಿಸಿ, ಮುಂದಿನ ಮದುವೆಗಳನ್ನಷ್ಟೇ ಅಲ್ಲ, ಹಿಂದೆ ನಡೆದ ಮದುವೆಗಳನ್ನೂ ಊರ್ಜಿತಗೊಳಿಸಿತು. ನಿನ್ನೆ ಕಾನೂನಿನ ಹೊರಗಿದ್ದ ಮಗು ಇವತ್ತು ಒಳಗೆ ಬಂತು. ಮಗು ಬದಲಾಗಿರಲಿಲ್ಲ, ನಮ್ಮ ಕಣ್ಣು ಬದಲಾಗಿತ್ತು. ತಮಿಳುನಾಡಿನಲ್ಲಿ ಮದುವೆ ಕುಸಿದು ಬೀಳಲಿಲ್ಲ.

ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣವೂ ಇಲ್ಲಿ ಸಾಕ್ಷಿ. ಅದು ಅಸಿಂಧು ಮದುವೆಯಿಂದ ಹುಟ್ಟಿದ ಮಕ್ಕಳ ಆಸ್ತಿಯ ಪ್ರಶ್ನೆ. ತಂದೆತಾಯಿಯ ಸಂಬಂಧಕ್ಕೆ ಕಾನೂನಿನ ಒಪ್ಪಿಗೆ ಇಲ್ಲದಿರಬಹುದು, ಮಗುವಿನ ಹುಟ್ಟನ್ನು ಅದರಿಂದ ಬೇರ್ಪಡಿಸಿ ನೋಡಬೇಕು ಎಂದು 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಹೇಳಿದರು. 2023ರ ಸೆಪ್ಟೆಂಬರ್ 1ರಂದು ಮೂವರ ಪೀಠ ಆ ಮಕ್ಕಳಿಗೆ ತಂದೆತಾಯಿಯ ಪಾಲಿನಲ್ಲಿ ಹಕ್ಕಿದೆ ಎಂದು ಸ್ಥಿರಪಡಿಸಿತು. ಆಸ್ತಿಗೇ ಹಕ್ಕುಳ್ಳ ಮಗುವಿಗೆ ದೇಶಕ್ಕೆ ಹಕ್ಕಿಲ್ಲವೇ?

ನಮ್ಮ ಪತ್ರಿಕೆಗಳು ಇಂದಿಗೂ ‘ಅಕ್ರಮ ಸಂತಾನ’ ಎಂದು ಅಚ್ಚು ಹಾಕುತ್ತವೆ. ಕ್ರಮ, ಅಕ್ರಮ ಎಂಬುದು ಮಾಡಿದ ಕೆಲಸಕ್ಕೆ ಹೇಳುವ ಮಾತು. ಮಗು ಏನನ್ನೂ ಮಾಡಿಲ್ಲ, ಹುಟ್ಟಿದೆ. ಕನ್ನಡದಲ್ಲಿ ಬರೆಯುವವರು ಈ ಪದವನ್ನು ಇವತ್ತೇ ಕೈಬಿಡಬೇಕು.

ಎದುರು ಪಕ್ಷದವರು ಹೇಳುವುದರಲ್ಲಿ ನಿಜ ಒಂದಿದೆ. ಮದುವೆ ಅನೇಕ ಹೆಂಗಸರಿಗೆ ಆಸರೆ, ಮಕ್ಕಳಿಗೆ ಭದ್ರತೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮದುವೆಯ ಆಸರೆ ಇಲ್ಲದ ಮಗುವಿಗೆ ಉಳಿದ ಆಸರೆಗಳು ಇನ್ನೂ ಹೆಚ್ಚು ಬೇಕು. ಕೊಡೆ ಇಲ್ಲದವನನ್ನು ಮನೆಯೊಳಗೆ ಕರೆಯಬೇಕು, ಕೊಡೆ ಇಲ್ಲವೆಂದು ಬಾಗಿಲು ಹಾಕಬಾರದು. ತಂದೆಯ ಹೊಣೆ ತಪ್ಪಿಹೋಗುತ್ತದೆ ಎಂಬ ಭಯವೂ ಬೇಡ. ಮದುವೆಯಾಚೆ ಹುಟ್ಟಿದ ಮಗುವಿನ ಜೀವನಾಂಶಕ್ಕೂ ತಂದೆಯೇ ಹೊಣೆ ಎಂದು ಹಳೆಯ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮು ಹೇಳುತ್ತಿತ್ತು, ಇಂದಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮೂ ಹೇಳುತ್ತದೆ. ಸಂಯುಕ್ತ ಅರಬ್ ಸಂಸ್ಥಾನ 2022ರ ಜನವರಿ 2ರಿಂದ ಜಾರಿಗೆ ತಂದ ದಂಡಸಂಹಿತೆಯಲ್ಲಿ, ಮದುವೆಯಾಗದ ತಂದೆತಾಯಿ ಮಗುವನ್ನು ಒಪ್ಪಿಕೊಂಡು ಕಾಗದಪತ್ರ ಮಾಡಿಸಿಕೊಳ್ಳುವ ದಾರಿ ಬಿಟ್ಟಿದೆ. ಹಾಗೆ ಮಾಡದೆ ಮಗುವನ್ನು ಕೈಬಿಟ್ಟರೆ ಶಿಕ್ಷೆ. ದುಬೈ ಕೂಡ ‘ಮೊದಲು ಮಗುವಿನ ಕಾಗದ’ ಎನ್ನುತ್ತಿರುವಾಗ ‘ಮೊದಲು ಮದುವೆಯ ಕಾಗದ’ ಎನ್ನುವುದು ನಮಗೆ ಶೋಭೆಯಲ್ಲ.

ಇನ್ನು ಮಾಡಬೇಕಾದದ್ದು. ಕಡಲಾಚೆ ಇರುವ ತಾಯಂದಿರೇ, ತಂದೆಯರೇ, ಮಗು ಹುಟ್ಟಿದ ದೇಶದ ಜನನ ಪತ್ರವನ್ನು ಮೊದಲು ಪಡೆಯಿರಿ. ಒಂದು ವರ್ಷದೊಳಗೆ ಕಾನ್ಸುಲೇಟಿಗೆ ಅರ್ಜಿ ಹಾಕಿ. ಮದುವೆಯಾಗಿಲ್ಲ ಎಂಬ ನಿಜವನ್ನು ಅಫಿಡವಿಟ್‌ನಲ್ಲಿ ನಿಜವಾಗಿಯೇ ಬರೆಯಿರಿ. ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, 2015ರ ತೀರ್ಪಿನ ಪ್ರತಿಯನ್ನು ಮುಂದಿಡಿ. ನೆಲೆಸಲೆಂದು ಊರಿಗೆ ಮರಳಿದ ಮೇಲೆ ಇನ್ನೊಂದು ಬಾಗಿಲು ಇದೆ. ಕಾನ್ಸುಲೇಟಿನಲ್ಲಿ ಜನನ ದಾಖಲಾಗಿಲ್ಲದಿದ್ದರೆ, ಮಗು ಭಾರತಕ್ಕೆ ಬಂದ 60 ದಿನಗಳೊಳಗೆ ಇಲ್ಲಿಯೇ ನೋಂದಾಯಿಸಲು 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಮು ಅವಕಾಶ ಕೊಡುತ್ತದೆ. 60 ದಿನ ದಾಟಿದರೂ 13ನೇ ಕಲಮಿನ ತಡವಾದ ನೋಂದಣಿಯ ದಾರಿ ಇದೆ. ಆದರೆ ಎರಡನ್ನೂ ಬೆರೆಸಬೇಡಿ. ಇಲ್ಲಿನ ನೋಂದಣಿ ಹುಟ್ಟಿನ ದಾಖಲೆ, ಪೌರತ್ವದ ಬಾಗಿಲು ಕಾನ್ಸುಲೇಟಿನ ನೋಂದಣಿ. ಅದನ್ನು ಬಿಡಬೇಡಿ.

ಸರ್ಕಾರಗಳಿಗೆ ಹೇಳಬೇಕಾದದ್ದೂ ಸರಳ. ವಿದೇಶಾಂಗ ಸಚಿವಾಲಯ ತನ್ನ ಎಲ್ಲ ಕಚೇರಿಗಳ ದಾಖಲೆಪಟ್ಟಿಯಲ್ಲಿ ಮದುವೆ ಪತ್ರದ ಮುಂದೆ ‘ಇದ್ದರೆ ಮಾತ್ರ’ ಎಂದು ಬರೆಸಲಿ. ಒಂಟಿ ತಾಯಿಯ ಅಫಿಡವಿಟ್ ಸಾಕು ಎಂಬುದನ್ನು ಅಲ್ಲೇ ಅಚ್ಚು ಹಾಕಿಸಲಿ. ತಮಿಳುನಾಡು ಸರ್ಕಾರಕ್ಕೆ ಹೊರನಾಡ ತಮಿಳರ ಕಲ್ಯಾಣಕ್ಕೆಂದೇ ಒಂದು ಆಯುಕ್ತಾಲಯವಿದೆ. ಈ ತಾಯಂದಿರಿಗೆ ಆ ವರ್ಷ ಮುಗಿಯುವ ಮೊದಲು ಕೈಹಿಡಿಯುವುದು ಅದರ ಕೆಲಸವಾಗಲಿ. ತಿರುಪ್ಪೂರು, ಕೊಯಮತ್ತೂರು ಜಿಲ್ಲಾಡಳಿತಗಳು ನೋಂದಣಿ ಸಿಬ್ಬಂದಿಗೆ ಈ ನಿಯಮಗಳನ್ನು ತಮಿಳಿನಲ್ಲಿ ಬರೆದುಕೊಡಲಿ.

ಕೊನೆಯ ಮಾತು ಮನೆಯ ಹಿರಿಯರಿಗೆ. ನಾಳೆ ಅಂಥದೊಂದು ಫೋನು ನಿಮ್ಮ ಮನೆಗೆ ಬಂದರೆ ಮದುವೆಯ ಮಾತು ಎತ್ತಬೇಡಿ. ಮಗು ಹುಟ್ಟಿದ ತಾರೀಕು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಅದಕ್ಕೆ ಒಂದು ವರ್ಷ ಕೂಡಿಸಿ ಗುರುತು ಹಾಕಿ, ಅಷ್ಟರೊಳಗೆ ನೋಂದಣಿ ಮಾಡಿಸಮ್ಮಾ ಎಂದು ಹೇಳಿ. ತಂದೆತಾಯಿಯರಲ್ಲಿ ಒಬ್ಬರು ಭಾರತೀಯರಾದರೆ ಆ ಮಗುವಿಗೆ ಈ ದೇಶದ ಮೇಲೆ ಹಕ್ಕಿದೆ.